ಒಂದೂವರೆ ಲಕ್ಷದ ಪಾಠ, ಮೂವತ್ತು-ನಲವತ್ತರ ಮನೆ

ಹಳೇ ಮನೆ ಕೊಂಡು, ರಿಪೇರಿ ಮಾಡಿಸಿ, ಏಳೆಂಟು ತಿಂಗಳಲ್ಲಿ ಮಾರಿ ದುಡ್ಡು ಮಾಡುವುದನ್ನು ಹೇಳಿಕೊಡುತ್ತೇವೆ ಎನ್ನುವ ಜಾಹೀರಾತುಗಳು ಈಗ ತುಮಕೂರಿನವರ ಮೊಬೈಲಿಗೂ ಬರುತ್ತಿವೆ. ಹೆಸರು 'ಹೌಸ್ ಫ್ಲಿಪ್ಪಿಂಗ್ ಮೆಂಟರ್‌ಶಿಪ್'. ಇವುಗಳ ಮೆಟ್ಟಿಲು ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಮೊದಲು ನೂರು ರೂಪಾಯಿಯೊಳಗಿನ ಆನ್‌ಲೈನ್ ತರಗತಿ, ಆಮೇಲೆ ಬೆಂಗಳೂರಿನ ಯಾವುದೋ ಹೋಟೆಲಿನ ಹಾಲಿನಲ್ಲಿ ಎರಡು ದಿನದ ಶಿಬಿರ, ಎರಡನೇ ದಿನ ಸಂಜೆ ವರ್ಷದ ಮಾರ್ಗದರ್ಶನಕ್ಕೆ ಲಕ್ಷದ ಮೇಲಿನ ಶುಲ್ಕ. ಇವತ್ತೇ ಸೇರಿದರೆ ರಿಯಾಯಿತಿ, ನಾಳೆ ಬಂದರೆ ಪೂರ್ತಿ ದರ.

ಸೇರಬೇಕೋ ಬೇಡವೋ ಎಂದು ಯೋಚಿಸುತ್ತಿರುವವರು ಸಾಮಾನ್ಯವಾಗಿ ಆ ಗುರುವಿನ ಬಗ್ಗೆ ಯೋಚಿಸುತ್ತಾರೆ. ನಂಬಬಹುದಾ, ಎಷ್ಟು ಜನ ಹಿಂಬಾಲಕರಿದ್ದಾರೆ, ಸೇರಿದವರು ಏನು ಹೇಳುತ್ತಾರೆ ಎಂದು. ಅದಕ್ಕಿಂತ ಮೊದಲು ಆಗಬೇಕಾದ ಕೆಲಸ ಬೇರೆ. ನಿಮ್ಮ ಊರಿನ ಒಂದು ಮನೆ ಹಿಡಿದು, ಕೊಳ್ಳುವುದರಿಂದ ಮಾರುವವರೆಗಿನ ಲೆಕ್ಕವನ್ನು ಒಂದು ಹಾಳೆಯಲ್ಲಿ ನೀವೇ ಬರೆಯಿರಿ. ಎಲ್ಲಿ ಕೈ ನಿಲ್ಲುತ್ತದೋ ಅಲ್ಲಿಗೆ ಮಾತ್ರ ದುಡ್ಡು ಕೊಟ್ಟು ತಿಳುವಳಿಕೆ ಕೊಳ್ಳಬೇಕು. ಶುಲ್ಕವೂ ಆ ಹಾಳೆಯಲ್ಲಿ ಒಂದು ಖರ್ಚಿನ ಸಾಲಾಗಿ ಬರಬೇಕು.

ಬರೆದೇ ನೋಡೋಣ. ಸಿದ್ಧಗಂಗಾ ಬಡಾವಣೆಯೋ ಎಸ್.ಎಸ್. ಪುರಂನ ಒಳರಸ್ತೆಯೋ ಎಂದುಕೊಳ್ಳಿ. 30×40ರ ಸೈಟು, ಮೇಲೆ ಇಪ್ಪತ್ತೈದು ವರ್ಷದ ಹಿಂದಿನ ಮೋಲ್ಡ್ ಮನೆ, ಸುಮಾರು 900 ಚದರಡಿ ಕಟ್ಟಡ. ಅಂಕಿಗಳು ಉದಾಹರಣೆಗೆ ಮಾತ್ರ. ನಿಮ್ಮ ಬೀದಿಯ ಅಂಕಿ ನೀವು ಹಾಕಿಕೊಳ್ಳಿ. ಕೊಂಡ ಬೆಲೆ 60 ಲಕ್ಷ. ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಶೇ. 10ರ ಸೆಸ್ಸು, ನಗರದೊಳಗಾದರೆ ಶೇ. 2ರ ಸರ್‌ಚಾರ್ಜು. ಇಷ್ಟು ಸೇರಿ ಶೇ. 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1 ಇದ್ದದ್ದು ಶೇ. 2 ಆಗಿದೆ. ಒಟ್ಟು ಶೇ. 7.6, ಅಂದರೆ 4,56,000 ರೂಪಾಯಿ. ವಕೀಲರು, ಪತ್ರ ಬರಹಗಾರರು, ನಕಲುಗಳು 25,000. ಕೊಳ್ಳುವಾಗಿನ ಬ್ರೋಕರ್ ಕಮಿಷನ್ ಶೇ. 1 ಎಂದರೂ 60,000. ರಿಪೇರಿ 8 ಲಕ್ಷ. 40 ಲಕ್ಷ ಸಾಲ, ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ಬಡ್ಡಿ, ಎಂಟು ತಿಂಗಳಿಗೆ 3,20,000. ಆ ಎಂಟು ತಿಂಗಳ ಕಂದಾಯ, ಕರೆಂಟು, ನೀರು, ನೋಡಿಕೊಳ್ಳುವವರಿಗೆ 30,000. 82 ಲಕ್ಷಕ್ಕೆ ಮಾರಾಟವಾದರೆ ಆಗಿನ ಕಮಿಷನ್ 82,000.

ಕೂಡಿದರೆ 77,73,000. ಉಳಿದದ್ದು 4,27,000. ಅರವತ್ತಕ್ಕೆ ಕೊಂಡು ಎಂಬತ್ತೆರಡಕ್ಕೆ ಮಾರಿದರು ಎಂದು ಬೀದಿಯಲ್ಲಿ ಮಾತಾಡುವಾಗ 22 ಲಕ್ಷ ಬಂತು ಎಂದೇ ಆಗುತ್ತದೆ. ಕೈಗೆ ಬರುವುದು ಅದರ ಐದನೇ ಒಂದು ಪಾಲು, ಅದೂ ಆದಾಯ ತೆರಿಗೆಗೆ ಮುಂಚೆ. ಇದಕ್ಕಾಗಿ ಸುಮಾರು 37 ಲಕ್ಷ ಸ್ವಂತ ಹಣ ಎಂಟು ತಿಂಗಳು ಸಿಕ್ಕಿಕೊಂಡಿರುತ್ತದೆ. ಅದನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟಿದ್ದರೆ ಬರುತ್ತಿದ್ದ ಬಡ್ಡಿಯನ್ನೂ ಪಕ್ಕದಲ್ಲಿ ಬರೆದಿಡಿ.

ಈಗ ರಿಪೇರಿಗೆ ಶೇ. 15 ಹೆಚ್ಚುವರಿ ಇಡಿ. ಹಳೇ ಮನೆಯ ಗಾರೆ ಕಿತ್ತ ಮೇಲೆ ಕಾಣುವುದು ಕೀಳುವ ಮೊದಲು ಯಾರಿಗೂ ಕಾಣುವುದಿಲ್ಲ. 1,20,000 ಹೋಯಿತು, ಉಳಿದದ್ದು 3,07,000. ಮಾರ್ಗದರ್ಶನದ ಶುಲ್ಕ 1,50,000, ಅದರ ಮೇಲೆ ಶೇ. 18ರ ಜಿಎಸ್‌ಟಿ ಸೇರಿ 1,77,000. ಉಳಿದದ್ದು 1,30,000. ಗಿರಾಕಿ ಸಿಗುವುದು ನಾಲ್ಕು ತಿಂಗಳು ತಡವಾದರೆ ಬಡ್ಡಿ ಇನ್ನೂ 1,60,000. ಈಗ 30,000 ನಷ್ಟ. ಸಾಲ ಎರಡು ರೂಪಾಯಿ ಬಡ್ಡಿಯದಾದರೆ ಈ ಲೆಕ್ಕ ಹಾಕುವ ಅಗತ್ಯವೇ ಬೀಳುವುದಿಲ್ಲ.

ಶುಲ್ಕ ದೊಡ್ಡದೋ ಚಿಕ್ಕದೋ ಎನ್ನುವ ಪ್ರಶ್ನೆಗೆ ಉತ್ತರ ಇಲ್ಲೇ ಸಿಗುತ್ತದೆ. ಮೊದಲ ಮನೆಯ ಲಾಭದಲ್ಲಿ ಅರ್ಧದಷ್ಟನ್ನು ಆ ಶುಲ್ಕವೇ ತಿನ್ನುತ್ತದೆ. 'ಮೊದಲ ಡೀಲಿನಲ್ಲೇ ಶುಲ್ಕ ವಾಪಸ್ ಬರುತ್ತೆ' ಎನ್ನುವ ಮಾತು ಕೇಳಿದಾಗ ಈ ಹಾಳೆ ತೆಗೆದು ಮುಂದಿಡಿ, ಯಾವ ಸಾಲಿನಲ್ಲಿ ವಾಪಸ್ ಬರುತ್ತದೆ ಎಂದು ಬೆರಳಿಟ್ಟು ತೋರಿಸಲು ಹೇಳಿ.

ಪಾಠ ಎಲ್ಲಿಂದ ಬಂದದ್ದು ಎನ್ನುವುದೂ ಮುಖ್ಯ. ಈ ಶಿಬಿರಗಳಲ್ಲಿ ಹೇಳುವ ಬಹುಪಾಲು ಸೂತ್ರ ಅಮೆರಿಕದ್ದು. ಅಲ್ಲಿ 'ಶೇ. 70ರ ಸೂತ್ರ' ಅಂತ ಒಂದಿದೆ. ರಿಪೇರಿಯಾದ ಮೇಲೆ ಮನೆಗೆ ಬರುವ ಬೆಲೆಯ ಶೇ. 70ರಲ್ಲಿ ರಿಪೇರಿ ಖರ್ಚು ಕಳೆದು ಉಳಿದದ್ದಕ್ಕಿಂತ ಹೆಚ್ಚು ಕೊಟ್ಟು ಕೊಳ್ಳಬಾರದು. ನಮ್ಮ ಉದಾಹರಣೆಗೆ ಹಾಕಿ. 82 ಲಕ್ಷದ ಶೇ. 70 ಅಂದರೆ 57.4 ಲಕ್ಷ, ಅದರಲ್ಲಿ 8 ಲಕ್ಷ ಕಳೆದರೆ 49.4 ಲಕ್ಷ. ಅರವತ್ತು ಬಾಳುವ ಮನೆಯನ್ನು ನಲವತ್ತೊಂಬತ್ತಕ್ಕೆ ತುಮಕೂರಿನಲ್ಲಿ ಯಾರು ಕೊಡುತ್ತಾರೆ?

ಕೊಡುವವರು ಇದ್ದಾರೆ. ಆದರೆ ಮನೆ ಸೋರುತ್ತಿದೆ ಅಂತ ಕೊಡುವುದಿಲ್ಲ, ಪತ್ರ ಸರಿಯಿಲ್ಲ ಅಂತ ಕೊಡುತ್ತಾರೆ. ಅಮೆರಿಕದ ಪಾಠವನ್ನು ಇಲ್ಲಿಗೆ ಹಾಗೇ ಎತ್ತಿಕೊಂಡು ಬಂದರೆ ಮುರಿಯುವ ಜಾಗ ಇದೇ. ಅಲ್ಲಿ ಗೋಡೆ, ಮಾಡು, ಅಡುಗೆಮನೆ ಹಾಳಾಗಿದ್ದರೆ ಮನೆಯ ಬೆಲೆ ಬೀಳುತ್ತದೆ, ಸರಿಮಾಡಿದರೆ ಏಳುತ್ತದೆ. ಅಕ್ಕಪಕ್ಕದ ಮನೆಗಳು ನಿಜವಾಗಿ ಎಷ್ಟಕ್ಕೆ ಹೋದವು ಎನ್ನುವುದೂ ಅಲ್ಲಿ ಸುಲಭವಾಗಿ ಸಿಗುತ್ತದೆ, ಹಕ್ಕಿನ ದೋಷಕ್ಕೆ ವಿಮೆಯೂ ಸಿಗುತ್ತದೆ. ನಮ್ಮಲ್ಲಿ ಬೆಲೆಯ ದೊಡ್ಡ ಭಾಗ ಸೈಟಿನದು. ಹಳೇ ಕಟ್ಟಡಕ್ಕೆ ಗಿರಾಕಿ ಕೊಡುವುದು ಕಡಿಮೆ, ಹೊಸ ಟೈಲ್ಸಿಗೆ ಕೊಡುವುದು ಇನ್ನೂ ಕಡಿಮೆ. 'ಮನೆ ಕಟ್ಟಿ ನೋಡು' ಎನ್ನುವ ನಾಡಿನಲ್ಲಿ 70–80 ಲಕ್ಷ ಕೈಯಲ್ಲಿರುವವರು ಬೇರೆಯವರ ರುಚಿಯ ಅಡುಗೆಮನೆಗಿಂತ ಖಾಲಿ ಸೈಟು ಕೊಂಡು ತಮ್ಮಿಷ್ಟದಂತೆ ಕಟ್ಟಿಸಲು ನೋಡುತ್ತಾರೆ. ಬಾಗಿಲು ದಕ್ಷಿಣಕ್ಕಿದ್ದರೆ ಎಷ್ಟು ಬಣ್ಣ ಹೊಡೆದರೂ ಅರ್ಧ ಗಿರಾಕಿಗಳು ಮೆಟ್ಟಿಲಿನಿಂದಲೇ ವಾಪಸ್ಸು.

ಹಾಗಾದರೆ ಇಲ್ಲಿ ಹಳೇ ಮನೆ ವ್ಯವಹಾರದಲ್ಲಿ ದುಡ್ಡು ಮಾಡುವವರು ಹೇಗೆ ಮಾಡುತ್ತಾರೆ? ಪತ್ರ ಸರಿಮಾಡಿಸಿ ಮಾಡುತ್ತಾರೆ. ಒಡಹುಟ್ಟಿದವರ ಸಹಿ ಬಾಕಿ ಇರುವ ಮನೆ, ತಾತನ ಹೆಸರಿನಲ್ಲೇ ನಿಂತ ಖಾತೆ, ಅಳತೆ ಹೊಂದದ ಚೆಕ್ಕುಬಂದಿ, ಇಂಥವನ್ನು ತಾಳ್ಮೆಯಿಂದ ಬಿಡಿಸಿ ಬ್ಯಾಂಕ್ ಸಾಲ ಸಿಗುವ ಸ್ಥಿತಿಗೆ ತರುವುದರಲ್ಲಿ ಬೆಲೆ ಏರುತ್ತದೆ. ಅದು ಕಾನೂನು ಮತ್ತು ಕಂದಾಯದ ಕೆಲಸ, ಎಂಟು ತಿಂಗಳಲ್ಲಿ ಮುಗಿಯುತ್ತದೆ ಎಂದು ಯಾರೂ ಬರೆದುಕೊಡಲಾರರು. ಶಿಬಿರದ ಪಠ್ಯಕ್ರಮ ಕೇಳಿ ನೋಡಿ. ಅದರಲ್ಲಿ ಪತ್ರಗಳಿಗೆ ಎಷ್ಟು ಗಂಟೆ ಇದೆ, 'ಮೈಂಡ್‌ಸೆಟ್'ಗೆ ಎಷ್ಟು ಗಂಟೆ ಇದೆ ಎಂದು ಎಣಿಸಿದರೆ ಶುಲ್ಕದ ಬೆಲೆ ಅರ್ಧ ಗೊತ್ತಾಗುತ್ತದೆ.

ತುಮಕೂರಿನಲ್ಲಿ ಪತ್ರದ ವಿಷಯದಲ್ಲಿ ಕಾಲು ಸಿಕ್ಕಿಕೊಳ್ಳುವ ಜಾಗಗಳನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಹೊರಗಿನ ಗುರುಗಳು ಇವನ್ನು ಮುಟ್ಟುವುದೇ ಕಡಿಮೆ.

ಮೊದಲನೆಯದು ಪಿತ್ರಾರ್ಜಿತ ಆಸ್ತಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳ ಸಮನಾದ ಹಕ್ಕು ಕೊಟ್ಟಿತು. ತಂದೆ 2005ಕ್ಕೆ ಮೊದಲೇ ತೀರಿಕೊಂಡಿದ್ದರೂ ಆ ಹಕ್ಕು ಇದೆ ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ಹೇಳಿತು. 2004ರ ಡಿಸೆಂಬರ್ 20ಕ್ಕೆ ಮೊದಲು ಆದ ನೋಂದಾಯಿತ ಪಾಲುಪಟ್ಟಿ ಇದ್ದರೆ ಮಾತು ಬೇರೆ. ಆದ್ದರಿಂದ 'ಅಕ್ಕ ಗುಬ್ಬಿಯಲ್ಲಿದ್ದಾರೆ, ಅವರದೇನೂ ತಕರಾರಿಲ್ಲ' ಎನ್ನುವ ಮಾತಿಗೆ ಕಾಗದದಲ್ಲಿ ಬೆಲೆಯಿಲ್ಲ. ವಂಶವೃಕ್ಷ ತರಿಸಿ, ಅದರಲ್ಲಿರುವ ಪ್ರತಿ ಹೆಸರೂ ಕ್ರಯಪತ್ರದಲ್ಲಿ ಬರಬೇಕು, ಇಲ್ಲವೇ ನೋಂದಾಯಿತ ಹಕ್ಕುಬಿಡುಗಡೆ ಪತ್ರ ಇರಬೇಕು. ಅಕ್ಕ ಬಂದು ಸಹಿ ಹಾಕಲು ಒಪ್ಪಿದರೂ ತನ್ನ ಪಾಲು ಕೇಳುತ್ತಾರೆ, ಕೇಳುವುದು ನ್ಯಾಯ ಕೂಡ. ಆ ಮೊತ್ತ ಮಾರುವವರ ಬೆಲೆಯೊಳಗೇ ಇದೆಯೋ ಮೇಲೆ ಬರುತ್ತದೋ ಎಂದು ಮುಂಗಡ ಕೊಡುವ ಮೊದಲೇ ಇತ್ಯರ್ಥವಾಗಬೇಕು.

ಎರಡನೆಯದು ಭೋಗ್ಯ. ಮನೆಯಲ್ಲಿ ಭೋಗ್ಯಕ್ಕಿರುವವರು ಎಂಟೋ ಹತ್ತೋ ಲಕ್ಷ ಕೊಟ್ಟು ಕೂತಿರುತ್ತಾರೆ. ಆ ಕರಾರು ಬಹಳ ಸಲ ಛಾಪಾ ಕಾಗದದ ಮೇಲೆ ಬರೆದದ್ದು, ನೋಂದಣಿಯಾಗಿರುವುದಿಲ್ಲ, ಹಾಗಾಗಿ ಇ.ಸಿ.ಯಲ್ಲಿ, ಅಂದರೆ ಆಸ್ತಿಯ ನೋಂದಾಯಿತ ವ್ಯವಹಾರಗಳನ್ನು ತೋರಿಸುವ ಋಣಭಾರ ಪತ್ರದಲ್ಲಿ, ಕಾಣುವುದಿಲ್ಲ. ಕ್ರಯ ಆದ ಮೇಲೆ ಆ ದುಡ್ಡು ಕೊಡುವವರೆಗೆ ಅವರು ಎದ್ದೇಳುವುದಿಲ್ಲ. ಮನೆ ನೋಡಲು ಹೋದಾಗ ಮಾಲೀಕರನ್ನಲ್ಲ, ಒಳಗೆ ವಾಸವಿರುವವರನ್ನೇ ಕೇಳಿ: 'ಬಾಡಿಗೆನಾ, ಲೀಸಾ? ಎಷ್ಟು ಕೊಟ್ಟಿದ್ದೀರಿ? ಯಾವಾಗ ಮುಗಿಯುತ್ತೆ?' ಅವರು ಬರೆದುಕೊಡುವುದನ್ನು ಕ್ರಯದ ಕರಾರಿಗೆ ಸೇರಿಸಿ.

ಮೂರನೆಯದು ಊರಂಚಿನ ರೆವಿನ್ಯೂ ಸೈಟುಗಳು, ಅಂದರೆ ಸರಿಯಾದ ಅನುಮೋದನೆ ಇಲ್ಲದೆ ಕೃಷಿ ಜಮೀನಿನಲ್ಲಿ ಮಾಡಿದ ಸೈಟುಗಳು. ಶಿರಾ ಗೇಟಿನಿಂದ ಆಚೆ, ಕುಣಿಗಲ್ ರಸ್ತೆಯ ಉದ್ದಕ್ಕೆ, ಕ್ಯಾತಸಂದ್ರದ ಸುತ್ತ ಬಡಾವಣೆಗಳು ಬೆಳೆಯುತ್ತಿವೆ. ಒಂದೊಂದು ಸರ್ವೆ ನಂಬರಿಗೂ ಭೂ ಪರಿವರ್ತನೆ ಆಗಿದೆಯಾ, ಟೂಡಾ (ತುಮಕೂರು ನಗರಾಭಿವೃದ್ಧಿ ಪ್ರಾಧಿಕಾರ) ಅನುಮೋದನೆ ಇದೆಯಾ, ಪಾಲಿಕೆಯ ಖಾತೆಯೋ ಪಂಚಾಯ್ತಿಯ ಇ-ಸ್ವತ್ತೋ, ಅದೂ ಕ್ರಮಬದ್ಧ ಆಸ್ತಿಯ ನಮೂನೆ 9 ಮತ್ತು 11ಎ ಇದೆಯೋ ಅನುಮೋದನೆ ಇಲ್ಲದ್ದರ ಬರೀ 11ಬಿ ಇದೆಯೋ, ಪಾಲಿಕೆಯದಾದರೆ ಕ್ರಮಬದ್ಧವಾದ ಎ ಖಾತೆಯೋ ಅಲ್ಲದ ಬಿ ಖಾತೆಯೋ ನೋಡಬೇಕು. 2024ರ ಅಕ್ಟೋಬರಿನಿಂದ ಇ-ಖಾತೆ ಇಲ್ಲದೆ ನೋಂದಣಿಯೇ ಆಗುವುದಿಲ್ಲ. ಅದಕ್ಕೂ ಹಿಂದೆ ಹೋಗಿ, ಆ ಜಮೀನು ಪರಿಶಿಷ್ಟ ಜಾತಿ-ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದಾ ಎಂದು ನೋಡಿ. 1978ರ ಪಿಟಿಸಿಎಲ್ ಕಾಯ್ದೆಯ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಆದ ಮಾರಾಟ ಊರ್ಜಿತವಲ್ಲ. ಎಷ್ಟು ವರ್ಷ ಆಗಿದ್ದರೂ ಅರ್ಜಿ ಹಾಕಬಹುದು ಎಂದು 2023ರ ತಿದ್ದುಪಡಿ ಹೇಳುತ್ತದೆ. ಆ ಕುಟುಂಬಕ್ಕೆ ಅದು ನ್ಯಾಯವಾದ ರಕ್ಷಣೆ. ಗೊತ್ತಿಲ್ಲದೆ ಮೇಲೆ ಕಟ್ಟಿದ ಮನೆ ಕೊಂಡು ಟೈಲ್ಸ್ ಹಾಕಿಸಿದವರಿಗೆ ಎಲ್ಲ ಹೋಗುತ್ತದೆ.

ಕಡಿಮೆ ಬೆಲೆಗೆ ಕೊಳ್ಳುವುದಕ್ಕೇ ಇನ್ನೊಂದು ತೊಡಕಿದೆ. ನೋಂದಣಿಗೆಂದು ಸರ್ಕಾರ ಗೊತ್ತುಮಾಡಿದ ಮಾರ್ಗಸೂಚಿ ದರಕ್ಕಿಂತ ಕಡಿಮೆಗೆ ಕೊಂಡರೂ ಮುದ್ರಾಂಕ ಶುಲ್ಕ ಕಟ್ಟಬೇಕಾದದ್ದು ಮಾರ್ಗಸೂಚಿ ದರದ ಮೇಲೆ. ಹೂಡಿಕೆಯಾಗಿ ಕೊಂಡಿದ್ದು ವ್ಯತ್ಯಾಸ ಶೇ. 10ನ್ನು ಮೀರಿದರೆ ಆ ವ್ಯತ್ಯಾಸವನ್ನೇ ಕೊಂಡವರ ಆದಾಯ ಎಂದು ಹಿಡಿಯಬಹುದು. ಮಾರಿದಾಗ ಬಂದ ಲಾಭ, ಮತ್ತೆ ಮತ್ತೆ ಕೊಂಡು ಮಾರುವವರಿಗೆ ವ್ಯಾಪಾರದ ಆದಾಯ ಆಗುತ್ತದೆ. 24 ತಿಂಗಳೊಳಗೆ ಮಾರಿದ ಹೂಡಿಕೆಗಾದರೆ ಅಲ್ಪಾವಧಿ ಲಾಭ, ನಿಮ್ಮ ಸ್ಲ್ಯಾಬಿನ ದರದಲ್ಲೇ ತೆರಿಗೆ. ಯಾವುದು ಅಂತ ಕೊಳ್ಳುವ ಮೊದಲೇ ಲೆಕ್ಕಪರಿಶೋಧಕರ ಹತ್ತಿರ ಕೂತು ತೀರ್ಮಾನಿಸಿ. 'ಅರ್ಧ ವೈಟು, ಅರ್ಧ ಬ್ಲ್ಯಾಕು' ಎನ್ನುವ ಸಲಹೆ ಯಾವ ಗುರು ಕೊಟ್ಟರೂ ಅಲ್ಲಿಂದ ಎದ್ದು ಬನ್ನಿ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ಮತ್ತು ಅದಕ್ಕೆ ಮೇಲ್ಪಟ್ಟು ನಗದು ಮುಂಗಡ ಪಡೆದರೆ ಪಡೆದಷ್ಟೇ ದಂಡ ಬೀಳುತ್ತದೆ. ಕಪ್ಪು ಪಾಲಿಗೆ ಬ್ಯಾಂಕು ಸಾಲವನ್ನೂ ಕೊಡುವುದಿಲ್ಲ. ನಿಮ್ಮಿಂದ ಕೊಳ್ಳುವವರಿಗೆ 30ರಿಂದ 75 ಲಕ್ಷದವರೆಗಿನ ಗೃಹಸಾಲ ಆಸ್ತಿ ಮೌಲ್ಯದ ಶೇ. 80ರವರೆಗೆ, ಅದರ ಮೇಲಿನದಕ್ಕೆ ಶೇ. 75ರವರೆಗೆ ಮಾತ್ರ ಸಿಗುತ್ತದೆ. ಆ ಮೌಲ್ಯ ಬ್ಯಾಂಕಿನ ಇಂಜಿನಿಯರ್ ಹಾಕುವುದು, ನೀವು ಕೇಳಿದ ಬೆಲೆ ಅಲ್ಲ. ಮಂಜೂರಾದ ನಕ್ಷೆಗಿಂತ ಎರಡಡಿ ಆಚೆ ಚಾಚಿದ ಕಟ್ಟಡಕ್ಕೆ ಅವರು ಬೆಲೆ ಇಳಿಸುತ್ತಾರೆ, ಕೊನೇ ಗಳಿಗೆಯಲ್ಲಿ ಗಿರಾಕಿ ಜಾರುವುದು ಹೆಚ್ಚಾಗಿ ಇಲ್ಲೇ.

'ಕೈಯಿಂದ ದುಡ್ಡು ಹಾಕದೆ' ಮಾಡುವ ವ್ಯವಹಾರ ಅಂತ ಕಲಿಸುವುದು ಬಹುತೇಕ ಕ್ರಯದ ಕರಾರಿನ ಮೇಲೆ ನಿಂತಿದೆ. ಸ್ವಲ್ಪ ಮುಂಗಡ ಕೊಟ್ಟು ಕರಾರು ಮಾಡಿಕೊಂಡು, 'ನಾನು ಅಥವಾ ನಾನು ಸೂಚಿಸಿದವರು' ಎಂದು ಬರೆಸಿ, ಮೂರನೆಯವರಿಗೆ ದಾಟಿಸುವುದು. ಕರಾರು ಹಕ್ಕಲ್ಲ. ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಮೂಲಕ ಮಾಡಿದ ಮಾರಾಟ ಮಾಲೀಕತ್ವ ಕೊಡುವುದಿಲ್ಲ ಎಂದು ಸುಪ್ರೀಂ ಕೋರ್ಟು 2011ರಲ್ಲೇ ಸ್ಪಷ್ಟಪಡಿಸಿದೆ. ಸ್ವಾಧೀನ ಸಹಿತ ಕರಾರಾದರೆ ಕ್ರಯಪತ್ರದಷ್ಟೇ ಮುದ್ರಾಂಕ ಶುಲ್ಕ ಕಟ್ಟಬೇಕು. ಬೆಲೆ ಏರಿದರೆ ಮಾಲೀಕರು ತಿರುಗಿ ಬೀಳುತ್ತಾರೆ, ಬೆಲೆ ಇಳಿದರೆ ನಿಮ್ಮ ಮುಂಗಡ ಸಿಕ್ಕಿಕೊಳ್ಳುತ್ತದೆ, ಎರಡು ಕಡೆಯೂ ನಿಮ್ಮ ಪರ ಇಲ್ಲ. ಬ್ಯಾಂಕ್ ಹರಾಜಿನ ಮನೆಗಳ ಪಾಠವೂ ಹೀಗೇ. ಹರಾಜು ನಿಮ್ಮ ಹೆಸರಿಗೆ ನಿಂತ ಕೂಡಲೇ ಶೇ. 25, ಮಾರಾಟ ಖಾಯಂ ಆದ ಹದಿನೈದು ದಿನದಲ್ಲಿ ಉಳಿದದ್ದು ಕಟ್ಟಬೇಕು. ಬ್ಯಾಂಕಿನ ಸ್ವಾಧೀನ ಕಾಗದದ ಮೇಲಿನದೋ ನಿಜವಾಗಿ ಬೀಗ ಬ್ಯಾಂಕಿನ ಕೈಯಲ್ಲಿದೆಯೋ ಎನ್ನುವುದೊಂದೇ ಪ್ರಶ್ನೆ ಅಲ್ಲಿ ಎಲ್ಲಕ್ಕಿಂತ ದೊಡ್ಡದು.

ಇನ್ನು ಗೋಡೆಗೆ ಬರೋಣ. ಆ 8 ಲಕ್ಷ ಹೀಗೆ ಹರಿಯುತ್ತದೆ ಎಂದಿಟ್ಟುಕೊಳ್ಳಿ: ತಾರಸಿ ಸೋರಿಕೆ ಮತ್ತು ಮೋಲ್ಡಿನ ಕೆಳಭಾಗ 1,20,000, ವೈರಿಂಗ್ 1,10,000, ಎರಡು ಬಚ್ಚಲು 1,80,000, ಅಡುಗೆಮನೆ 90,000, ನೆಲ 1,40,000, ಪುಟ್ಟಿ-ಬಣ್ಣ 1,30,000, ಗೇಟು ಮತ್ತು ಚಿಲ್ಲರೆ 30,000. ಇದರಲ್ಲಿ ಅಳತೆ ಮೀರುವುದು ಯಾವಾಗಲೂ ಮೊದಲನೇ ಸಾಲು.

ಮೋಲ್ಡ್ ಪರೀಕ್ಷೆಗೆ ಬೇಕಾದದ್ದು ಒಂದು ಸಣ್ಣ ಸುತ್ತಿಗೆ, ಒಂದು ಏಣಿ. ಛಾವಣಿಯ ಕೆಳಭಾಗವನ್ನು ಒಂದಡಿಗೊಮ್ಮೆ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಕಾಂಕ್ರೀಟು 'ಟಣ್' ಎನ್ನುತ್ತದೆ, ಬಿಟ್ಟುಕೊಂಡದ್ದು 'ಡಬ್' ಎಂದು ಟೊಳ್ಳಾಗಿ ಕೇಳುತ್ತದೆ. ಟೊಳ್ಳು ಕೇಳಿದ ಕಡೆ ಸುಣ್ಣದ ಕಡ್ಡಿಯಿಂದ ಗೆರೆ ಹಾಕಿ. ಸಾಮಾನ್ಯವಾಗಿ ಬಚ್ಚಲಿನ ಮೇಲೆ, ನೀರಿನ ಟ್ಯಾಂಕಿನ ಕೆಳಗೆ, ಸಜ್ಜೆಯ ಅಂಚಿನಲ್ಲಿ ಗೆರೆಗಳು ಒಟ್ಟಾಗುತ್ತವೆ. ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿದಾಗ ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಆ ಒತ್ತಡಕ್ಕೆ ಕೆಳಗಿನ ಕಾಂಕ್ರೀಟು ಪದರ ಬಿಟ್ಟು ಬೀಳುತ್ತದೆ. ಮೇಲೆ ಪುಟ್ಟಿ ಬಳಿದರೆ ಮಾರುವವರೆಗೆ ಮುಚ್ಚಿರುತ್ತದೆ, ಕೊಂಡವರ ಮಗುವಿನ ಹಾಸಿಗೆ ಮೇಲೆ ಬೀಳುತ್ತದೆ. ಹಾಗೆ ಮುಚ್ಚಿ ಮಾರುವುದನ್ನು ಯಾರು ಕಲಿಸಿದರೂ ಕಲಿಯಬೇಡಿ. ಸರಿಯಾದ ಕ್ರಮ: ಸಡಿಲಾದದ್ದನ್ನು ಕಬ್ಬಿಣದ ಹಿಂಬದಿಯವರೆಗೆ ಕೆತ್ತಬೇಕು, ತಂತಿ ಬ್ರಷ್ಷಿನಿಂದ ಹೊಳಪು ಬರುವವರೆಗೆ ತುಕ್ಕು ತೆಗೆಯಬೇಕು, ತುಕ್ಕು ತಡೆಯುವ ಪ್ರೈಮರ್ ಹಚ್ಚಬೇಕು, ಪಾಲಿಮರ್ ಬೆರೆತ ಗಾರೆಯನ್ನು ಪದರ ಪದರವಾಗಿ ತುಂಬಬೇಕು, ವಾರವಾದರೂ ನೀರುಣಿಸಬೇಕು. ಸರಳು ಕಾಲುಭಾಗದಷ್ಟು ಸವೆದಿದ್ದರೂ ಇದು ಮೇಸ್ತ್ರಿಯ ಕೆಲಸವಲ್ಲ, ಸ್ಟ್ರಕ್ಚರಲ್ ಇಂಜಿನಿಯರು ನೋಡಬೇಕು. ಆ ಮನೆಗೆ ಸೈಟಿನ ಬೆಲೆಗಿಂತ ಹೆಚ್ಚು ಕೊಡಬೇಡಿ.

ತಾರಸಿಯ ಸೋರಿಕೆ ಬಹಳ ಸಲ ತಾರಸಿಯ ಮಧ್ಯದಲ್ಲಿ ಇರುವುದಿಲ್ಲ. ಪ್ಯಾರಾಪೆಟ್ ಗೋಡೆ ಮೋಲ್ಡಿಗೆ ಕೂಡುವ ಮೂಲೆಯಲ್ಲಿ, ಮಳೆನೀರಿನ ಪೈಪು ಇಳಿಯುವ ಬಾಯಲ್ಲಿ ಇರುತ್ತದೆ. ನಡುವೆ ಮಾತ್ರ ವಾಟರ್‌ಪ್ರೂಫಿಂಗ್ ಬಳಿದು ಮೂಲೆ ಬಿಟ್ಟರೆ ದುಡ್ಡು ದಂಡ. ಕೆಲಸ ಆದ ಮೇಲೆ ಪೈಪಿನ ಬಾಯಿ ಮುಚ್ಚಿ ಎರಡಿಂಚು ನೀರು ನಿಲ್ಲಿಸಿ, ಎರಡು ದಿನ ಕಾದು, ಕೆಳಗೆ ಒದ್ದೆ ಕಾಣದಿದ್ದರೆ ಮಾತ್ರ ಬಣ್ಣದವರನ್ನು ಕರೆಯಿರಿ. ಗೋಡೆಯ ಕೆಳಗಿನ ಮೂರಡಿಯಲ್ಲಿ ಬಿಳಿ ಉಪ್ಪು ಉಕ್ಕುತ್ತಿದ್ದರೆ ಅದು ಪಾಯದಿಂದ ಏರುವ ತೇವ. ಪುಟ್ಟಿ ಒಂದು ಮಳೆಗಾಲ ತಡೆಯುವುದಿಲ್ಲ.

ಸಂಪು ನೋಡಲು ಮರೆಯುವವರೇ ಹೆಚ್ಚು. 6×6×6 ಅಡಿಯ ಸಂಪು ಸುಮಾರು 6,100 ಲೀಟರ್ ಹಿಡಿಯುತ್ತದೆ. ತುಂಬಿಸಿ, ನೀರಿನ ಮಟ್ಟಕ್ಕೆ ಗೆರೆ ಎಳೆದು, ಕವಾಟ ಮುಚ್ಚಿ, ಮರುದಿನ ನೋಡಿ. ಎರಡಿಂಚು ಇಳಿದಿದ್ದರೆ ಒಂದೇ ದಿನದಲ್ಲಿ 170 ಲೀಟರ್ ಪಾಯದ ಬುಡಕ್ಕೆ ಹೋಗಿದೆ. ವೈರಿಂಗಿಗೆ ದೀಪಗಳಿಗೆ 1.5, ಪ್ಲಗ್ಗಿಗೆ 2.5, ಗೀಸರಿಗೆ 4 ಚದರ ಮಿಮೀ ತಂತಿ, ಶಾಕ್ ಹೊಡೆಯುವಾಗ ಕರೆಂಟು ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ ಬೇಕು. ಹಳೇ ಟೈಲ್ಸಿನ ಮೇಲೇ ಹೊಸದು ಹಾಕಿದರೆ ನೆಲ ಅರ್ಧ ಇಂಚಿನ ಮೇಲೆ ಏರುತ್ತದೆ, ಎಲ್ಲ ಬಾಗಿಲೂ ಕೆಳಗೆ ಉಜ್ಜಬೇಕು, ಬಚ್ಚಲಿನ ಹೊಸ್ತಿಲು ತಗ್ಗಾಗುತ್ತದೆ. ಬೆಸ್ಕಾಂ ಬಾಕಿ, ನೀರಿನ ಬಾಕಿ, ಕಂದಾಯದ ಬಾಕಿ ಕ್ರಯಕ್ಕೆ ಮೊದಲೇ ತೀರಬೇಕು.

ಇಷ್ಟೆಲ್ಲ ಓದಿದ ಮೇಲೂ ಜೊತೆಗೊಬ್ಬರು ತಿಳಿದವರು ಬೇಕು ಅನ್ನಿಸಿದರೆ ಅದು ತಪ್ಪಲ್ಲ. ಮೊದಲ ಸಲ ಅರವತ್ತು ಲಕ್ಷಕ್ಕೆ ಸಹಿ ಹಾಕುವಾಗ ಪಕ್ಕದಲ್ಲಿ ಅನುಭವಿಗಳು ನಿಲ್ಲುವುದಕ್ಕೆ ನಿಜವಾದ ಬೆಲೆಯಿದೆ. ಆದರೆ ಯಾರಿಗೆ ಕೊಡುತ್ತೀರಿ ಎನ್ನುವುದನ್ನು ಪರೀಕ್ಷಿಸಲು ನಮ್ಮ ಕೈಯಲ್ಲೇ ಒಂದು ಒಳ್ಳೆಯ ಸಾಧನವಿದೆ, ಅದನ್ನು ಬಳಸುವವರು ಕಡಿಮೆ. ಸ್ಥಿರಾಸ್ತಿಯ ಕ್ರಯಪತ್ರಗಳು ದಾಖಲಾಗುವುದು ನೋಂದಣಿ ಕಚೇರಿಯ 1ನೇ ಪುಸ್ತಕದಲ್ಲಿ. 1908ರ ನೋಂದಣಿ ಕಾಯ್ದೆಯ 57ನೇ ಕಲಂ ಪ್ರಕಾರ ಶುಲ್ಕ ಕಟ್ಟಿದರೆ ಅದರ ನಕಲು ಯಾರು ಬೇಕಾದರೂ ಪಡೆಯಬಹುದು. ಹಾಗಾಗಿ ಗುರುವನ್ನು ಕೇಳಿ: 'ಕಳೆದ ಮೂರು ವರ್ಷದಲ್ಲಿ ಕರ್ನಾಟಕದಲ್ಲಿ ನೀವು ಕೊಂಡು ರಿಪೇರಿ ಮಾಡಿ ಮಾರಿದ ಮೂರು ಮನೆಗಳ ದಸ್ತಾವೇಜು ಸಂಖ್ಯೆ, ನೋಂದಣಿ ಕಚೇರಿಯ ಹೆಸರು ಕೊಡಿ.' ಕೊಟ್ಟರೆ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಇ.ಸಿ. ತೆಗೆಸಿ. ಯಾವ ದಿನ ಕೊಂಡರು, ಯಾವ ದಿನ ಮಾರಿದರು, ಎಷ್ಟು ತೋರಿಸಿದರು, ನಡುವೆ ಯಾವ ಬ್ಯಾಂಕಿನ ಅಡಮಾನ ಇತ್ತು, ನಾಲ್ಕು ಸಾಲಿನಲ್ಲಿ ಎಲ್ಲ ಇರುತ್ತದೆ. ಆರು ತಿಂಗಳಲ್ಲಿ ಮುಗಿಯಿತು ಎಂದದ್ದು ಇಪ್ಪತ್ತು ತಿಂಗಳಾಗಿದ್ದರೆ ಅಲ್ಲೇ ಕಾಣುತ್ತದೆ. 'ಅದು ಖಾಸಗಿ ಮಾಹಿತಿ' ಎನ್ನುವ ಉತ್ತರ ಬಂದರೆ ಅದು ಸರಿಯಲ್ಲ ಎಂದು ನಿಮಗೆ ಈಗ ಗೊತ್ತು.

ಇನ್ನೊಂದು ಪ್ರಶ್ನೆ: ನೀವು ತೋರಿಸುವ ಮನೆಗಳಲ್ಲಿ ನಿಮಗೆ ಮಾರುವವರಿಂದ ಕಮಿಷನ್ ಬರುತ್ತದೆಯಾ? ಕೆಲವು ಕಡೆ ವಿದ್ಯಾರ್ಥಿಗಳೇ ಗಿರಾಕಿಗಳು. ಗುರುವಿನ ಬಳಿ ಕರಗದೆ ಉಳಿದ ಸರಕನ್ನು ಪಾಠದ ಭಾಗವಾಗಿ ಅವರಿಗೆ ತೋರಿಸಲಾಗುತ್ತದೆ. ವಸಂತನರಸಾಪುರದ ಕೈಗಾರಿಕಾ ಪ್ರದೇಶ, ಗುಬ್ಬಿ ಬಳಿ 2023ರಲ್ಲಿ ಶುರುವಾದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ, ಮೆಟ್ರೋ ಬರುವ ಮಾತು, ಇವೆಲ್ಲ ಅಲ್ಲಿ ಬೆಲೆ ಏರಿಸುವ ಪದಗಳು. ಕಾರ್ಖಾನೆ ನಿಜ. ಅದರಿಂದ ನಿಮ್ಮ ಒಳರಸ್ತೆಯ ಮನೆ ಎಂಟು ತಿಂಗಳಲ್ಲಿ 22 ಲಕ್ಷ ಏರುತ್ತದೆ ಎನ್ನುವುದು ಬೇರೆ ಮಾತು.

ಶುಲ್ಕಕ್ಕೆ ಸಾಲ ಮಾಡಿಸುವ ಕಡೆ ಕಾಲಿಡಬೇಡಿ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಮತ್ತು ಯೂಟಾ ರಾಜ್ಯ 2019ರಲ್ಲಿ ಇಂಥದೇ ಒಂದು ಕಂಪನಿಯ ಮೇಲೆ ಮೊಕದ್ದಮೆ ಹೂಡಿದವು. ಟಿವಿಯಲ್ಲಿ ಮನೆ ರಿಪೇರಿ ಮಾಡುವ ತಾರೆಯರ ಹೆಸರಲ್ಲಿ ಉಚಿತ ಸಭೆ, ಅಲ್ಲಿಂದ 1,997 ಡಾಲರಿನ ಮೂರು ದಿನದ ಶಿಬಿರ, ಅಲ್ಲಿಂದ 41,297 ಡಾಲರಿನವರೆಗಿನ ತರಬೇತಿ. ಕ್ರೆಡಿಟ್ ಕಾರ್ಡಿನ ಮಿತಿ ಏರಿಸಿಕೊಳ್ಳುವಂತೆ ಜನರಿಗೆ ಹೇಳಿಕೊಡುತ್ತಿದ್ದರು ಎನ್ನುವುದೂ ಆರೋಪಗಳಲ್ಲಿತ್ತು. 2022ರಲ್ಲಿ 1.2 ಕೋಟಿ ಡಾಲರಿಗೆ ಅದು ಇತ್ಯರ್ಥವಾಯಿತು. ಸೂತ್ರ ಹುಟ್ಟಿದ ನಾಡಿನಲ್ಲೇ ಹೀಗಾಗಿದೆ. ನಮ್ಮಲ್ಲಿ ಆ್ಯಪ್ ಮೂಲಕ ಶುಲ್ಕಕ್ಕೆ ಇಎಂಐ ಹಾಕಿಸಿದರೆ, ತರಗತಿ ನಿಂತರೂ ಕಂತು ನಿಲ್ಲುವುದಿಲ್ಲ. ಈಗಾಗಲೇ ಹಾಗೆ ಸಹಿ ಹಾಕಿ ಮನೆಗೆ ಬಂದು ಯೋಚಿಸುತ್ತಿದ್ದರೆ, ಸಾಲದ ಮುಖ್ಯಾಂಶ ಪತ್ರದಲ್ಲಿ ಕೂಲಿಂಗ್-ಆಫ್ ಅವಧಿ ಎಷ್ಟಿದೆ ಎಂದು ಈಗಲೇ ನೋಡಿ. ರಿಸರ್ವ್ ಬ್ಯಾಂಕಿನ ಡಿಜಿಟಲ್ ಸಾಲದ ನಿಯಮದಂತೆ ಆ ಅವಧಿಯೊಳಗೆ ಅಸಲು ಮತ್ತು ಅಷ್ಟು ದಿನದ ಬಡ್ಡಿ ಕಟ್ಟಿ ಹೊರಬರಬಹುದು. ಹಣ ವಾಪಸ್ ಕೊಡುತ್ತೇವೆ ಎಂದು ಹೇಳಿ ಕೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷದವರೆಗಿನ ವ್ಯವಹಾರಕ್ಕೆ ದೂರಿನ ಶುಲ್ಕವಿಲ್ಲ. ಇದಕ್ಕೆಲ್ಲ ಬೇಕಾದದ್ದು ಜಿಎಸ್‌ಟಿ ಸಂಖ್ಯೆ ಇರುವ ರಸೀದಿ, ಮತ್ತು ಮರುಪಾವತಿಯ ಷರತ್ತು ಬರೆದ ಕಾಗದ. ವಾಟ್ಸಾಪಿನ ಧ್ವನಿ ಸಂದೇಶವನ್ನೂ ಅಳಿಸದೆ ಇಟ್ಟುಕೊಳ್ಳಿ.

ಕೊಡುವುದಾದರೆ ಬಿಡಿ ಬಿಡಿಯಾಗಿ ಕೊಡಿ. ಪತ್ರ ನೋಡಲು ಸಿವಿಲ್ ವಕೀಲರಿಗೆ, ಅದೂ ಮಾರುವವರು ಸೂಚಿಸಿದವರಲ್ಲ. ಕಟ್ಟಡ ನೋಡಲು ಇಂಜಿನಿಯರಿಗೆ ಒಂದು ಭೇಟಿ. ತೆರಿಗೆಗೆ ಲೆಕ್ಕಪರಿಶೋಧಕರ ಒಂದು ಗಂಟೆ. ಅಳತೆಗೆ ಸರ್ವೆಯವರು. ನಾಲ್ವರಿಗೂ ಸೇರಿ ಆಗುವ ಖರ್ಚು ವರ್ಷದ ಮಾರ್ಗದರ್ಶನದ ಸಣ್ಣ ಪಾಲು. ಅವರು ಹೇಳುವುದು ಆ ಒಂದು ಮನೆಯ ಬಗ್ಗೆ, ಮತ್ತು ಬರವಣಿಗೆಯಲ್ಲಿ. ಆಗಲೂ ಗುರು ಬೇಕೆಂದರೆ ಶುಲ್ಕವನ್ನು ಮುಂಗಡ ಕೊಡುವ ಬದಲು ಲಾಭದಲ್ಲಿ ಪಾಲು ಕೊಡುತ್ತೇವೆ ಎಂದು ಕೇಳಿ ನೋಡಿ. ಮಾರಾಟದ ದಿನ ನೋಂದಣಿ ಕಚೇರಿಯಲ್ಲಿ, ಖರ್ಚಿನ ಹಾಳೆ ಇಬ್ಬರ ಮುಂದಿಟ್ಟುಕೊಂಡು, ಉಳಿದದ್ದರಲ್ಲಿ ಶೇ. 10ಕ್ಕೆ ಒಪ್ಪುವವರು ಮನೆಯನ್ನು ನಿಮ್ಮಷ್ಟೇ ಎಚ್ಚರದಿಂದ ನೋಡುತ್ತಾರೆ.

ಅಲ್ಲಿಯವರೆಗೆ ದುಡ್ಡು ಹಾಕದೆ ಮಾಡಬಹುದಾದ ಅಭ್ಯಾಸ ಒಂದಿದೆ. ಮಾರಾಟಕ್ಕಿರುವ ಹತ್ತು ಮನೆ ಆರಿಸಿಕೊಳ್ಳಿ. ಬಟವಾಡಿಯಲ್ಲಿ ಎರಡು, ಮರಳೂರಿನಲ್ಲಿ ಎರಡು, ಚಿಕ್ಕಪೇಟೆಯ ಹಳೇ ತಾರಸಿ ಮನೆ ಒಂದು, ಹೀಗೆ. ಪ್ರತಿಯೊಂದಕ್ಕೂ ನೋಟ್‌ಬುಕ್ಕಿನ ಒಂದು ಪುಟ: ಕೇಳಿದ ಬೆಲೆ, ಮಾರ್ಗಸೂಚಿ ದರ, ಖಾತೆ ಯಾವುದು, ಒಳಗೆ ಯಾರಿದ್ದಾರೆ, ಬಾಗಿಲು ಯಾವ ದಿಕ್ಕಿಗೆ, ರಿಪೇರಿಯ ಅಂದಾಜು, ನೀವು ಕೊಡಬಹುದಾದ ಬೆಲೆ, ನಿಮ್ಮ ಪ್ರಕಾರ ಮಾರಾಟವಾಗುವ ಬೆಲೆ ಮತ್ತು ತಿಂಗಳು. ಪೆನ್ಸಿಲ್ಲಿನಲ್ಲಲ್ಲ, ಪೆನ್ನಿನಲ್ಲಿ ಬರೆಯಿರಿ. ಎಂಟು ತಿಂಗಳ ಮೇಲೆ ಅದೇ ಹತ್ತು ಮನೆಗಳ ಇ.ಸಿ. ತೆಗೆಸಿ. ಎಷ್ಟು ಮಾರಾಟವಾಗಿವೆ, ಯಾವ ತಿಂಗಳಲ್ಲಿ, ಎಷ್ಟಕ್ಕೆ ಎಂದು ನಿಮ್ಮ ಅಂದಾಜಿನ ಪಕ್ಕದಲ್ಲಿ ಬರೆಯಿರಿ. ಮಾರಾಟವಾಗದೆ ಉಳಿದ ಮನೆಗಳ ಮುಂದೆ ಒಂದು ಸಲ ನಡೆದು ಹೋಗಿ, ಗೇಟಿನ ಮೇಲಿನ ಬೋರ್ಡು ಇನ್ನೂ ಇದೆಯಾ, ಫೋನ್ ನಂಬರು ಬದಲಾಗಿದೆಯಾ ನೋಡಿ.